ಅಮೆರಿಕದ ಅಂಗಡಿಯಲ್ಲಿ ಬೆಟ್ಟಿಂಗ್ ಚೀಟಿ: ಆಡಿದವನಿಗಿಂತ ಮಾರಿದವನಿಗೇ ಕಷ್ಟ

ಚಿಂತಾಮಣಿಯ ನಮ್ಮ ಬೀದಿಯ ಹುಡುಗನೊಬ್ಬ ನ್ಯೂಯಾರ್ಕಿನ ದಿನಸಿ ಅಂಗಡಿಯೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾನೆ. ಹೋದ ತಿಂಗಳು ನಡುರಾತ್ರಿ ಫೋನ್ ಮಾಡಿದ. ಫುಟ್‌ಬಾಲ್ ಪಂದ್ಯಗಳ ಪಟ್ಟಿ ಅಚ್ಚಾದ ಚೀಟಿಗಳ ಕಟ್ಟೊಂದನ್ನು ಮಾಲೀಕರು ತಂದಿಟ್ಟಿದ್ದಾರಂತೆ. ಗಿರಾಕಿ ಗೆಲ್ಲುವ ತಂಡಗಳಿಗೆ ಗುರುತು ಹಾಕಿ ಹಣ ಕೊಟ್ಟರೆ, ಇವನು ಅರ್ಧ ಚೀಟಿ ಹರಿದುಕೊಡಬೇಕಂತೆ. "ಅಣ್ಣಾ, ನಾನೇನು ಜೂಜಾಡುವುದಿಲ್ಲ. ಬರೀ ಕಾಗದ ಮಾರುವುದು ತಾನೆ?" ಎಂದು ಕೇಳಿದ. ನಾನು ಹನ್ನೆರಡು ವರ್ಷ ಅಲ್ಲಿದ್ದು ಊರಿಗೆ ಮರಳಿದವನು. ಆ ಕಟ್ಟನ್ನು ಮುಟ್ಟಲೇಬೇಡ ಎಂದು ಅವನಿಗೆ ಹೇಳಿದೆ. ಯಾಕೆಂದು ನಿಮಗೆಲ್ಲ ಹೇಳುತ್ತೇನೆ.

ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರಿನಲ್ಲಿ ಬೆಳೆದವರಿಗೆ ಮಟ್ಕಾ ಚೀಟಿ ಹೊಸದಲ್ಲ. ಬರೆಯುವವನು ಸಿಕ್ಕಿಬಿದ್ದರೆ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಂ ಹಾಕುತ್ತಾರೆ, ಅವನು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರುತ್ತಾನೆ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕುಳಿತಿದೆ. ವಿಮಾನ ಹತ್ತುವ ಮುನ್ನ ಆ ಲೆಕ್ಕವನ್ನು ಇಲ್ಲೇ ಬಿಟ್ಟು ಹೋಗಬೇಕು.

ನ್ಯೂಯಾರ್ಕ್ ದಂಡ ಸಂಹಿತೆಯ 225ನೇ ಅಧ್ಯಾಯ ಜೂಜಿನದು. ಬರೀ ಆಟಗಾರನಾಗಿ ಹಣ ಕಟ್ಟಿದವನನ್ನು ಅದು ಅಪರಾಧಿ ಎನ್ನುವುದಿಲ್ಲ. ಕೈಹಾಕುವುದು ಆಟ ನಡೆಯಲು ನೆರವಾದವನ ಮೇಲೆ. ಬುಕ್ಕಿಯ ವ್ಯವಹಾರಕ್ಕೆ ಬಳಸುವಂಥ ಬರಹವನ್ನೋ ಕಾಗದವನ್ನೋ ತಿಳಿದೂ ಇಟ್ಟುಕೊಂಡರೆ 225.15ನೇ ಸೆಕ್ಷನ್ ಪ್ರಕಾರ ಅದೇ ಒಂದು ಅಪರಾಧ. 364 ದಿನಗಳವರೆಗೆ ಜೈಲು. ಐದಕ್ಕಿಂತ ಹೆಚ್ಚು ಪಂತಗಳು ದಾಖಲಾಗಿ ಮೊತ್ತ 5,000 ಡಾಲರ್ ದಾಟಿದರೆ ಅದು ಫೆಲನಿ, ಅಂದರೆ ಘೋರ ಅಪರಾಧ. "ಏನೆಂದು ಗೊತ್ತಿರಲಿಲ್ಲ" ಎನ್ನುವುದೂ ಸುಲಭವಲ್ಲ. ಅಂಥ ಕಾಗದ ನಿಮ್ಮ ಬಳಿ ಸಿಕ್ಕಿತೆಂದರೆ, ಅದರಲ್ಲಿ ಏನಿದೆಯೆಂದು ನಿಮಗೆ ಗೊತ್ತಿತ್ತು ಎಂದೇ 225.35ನೇ ಸೆಕ್ಷನ್ ಮೊದಲ ನೋಟಕ್ಕೆ ಹಿಡಿಯುತ್ತದೆ.

ರಾಜ್ಯದ ಗಡಿ ದಾಟಿದರೆ ಕೇಂದ್ರದ ಕಾನೂನು ಎದುರಾಗುತ್ತದೆ. 1961ರಲ್ಲಿ ಬಂದ ಎರಡು ಕಾಯ್ದೆಗಳಿವೆ. ಎರಡರಲ್ಲೂ ಐದು ವರ್ಷಗಳವರೆಗೆ ಸೆರೆ. ಒಂದು, ಜೂಜಿನ ಸಾಮಗ್ರಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದರ ವಿರುದ್ಧ. ಇದರಲ್ಲಿ ಪತ್ರಿಕೆಗಳಿಗೆ ವಿನಾಯಿತಿ ಇದೆ. ಇನ್ನೊಂದು ಟ್ರಾವೆಲ್ ಆಕ್ಟ್, ಅಕ್ರಮ ಜೂಜಿನಂಥ ದಂಧೆ ನಡೆಸಲು ರಾಜ್ಯದ ಗಡಿ ದಾಟುವುದರ ವಿರುದ್ಧ. ಅದರಲ್ಲಿ ಆ ವಿನಾಯಿತಿ ಇಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಎರ್ಲೆನ್‌ಬಾ ಪ್ರಕರಣದಲ್ಲಿ ಗೊತ್ತಾಯಿತು. ಕುದುರೆ ರೇಸಿನ ವಿವರಗಳಿದ್ದ 'ಇಲಿನಾಯ್ ಸ್ಪೋರ್ಟ್ಸ್ ನ್ಯೂಸ್' ಎಂಬ ಹಾಳೆಯನ್ನು ಷಿಕಾಗೋದಿಂದ ರೈಲಿನಲ್ಲಿ ಇಂಡಿಯಾನಾದ ಬುಕ್ಕಿಗಳಿಗೆ ತಲುಪಿಸುತ್ತಿದ್ದವರು "ಇದು ಪತ್ರಿಕೆ" ಎಂದು ವಾದಿಸಿದರು. 1972ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಂದು ಕಾಯ್ದೆಯ ವಿನಾಯಿತಿ ಇನ್ನೊಂದಕ್ಕೆ ನಡೆಯದು ಎಂದು ಶಿಕ್ಷೆಯನ್ನು ಎತ್ತಿಹಿಡಿಯಿತು.

ನಮ್ಮ ಸಾಫ್ಟ್‌ವೇರ್ ಹುಡುಗರೂ ಇದನ್ನು ಕೇಳಿಸಿಕೊಳ್ಳಬೇಕು. ಬುಕ್ಕಿಗಳ ಲೆಕ್ಕ ಬರೆದಿಡುವ ಪ್ರೋಗ್ರಾಂ ಇದ್ದ ಡಿಸ್ಕನ್ನು ನೆವಾಡಾದಿಂದ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ ಇಬ್ಬರ ಶಿಕ್ಷೆಯನ್ನು 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಖಾಯಂ ಮಾಡಿತು. ವಾಕ್ ಸ್ವಾತಂತ್ರ್ಯದ ರಕ್ಷಣೆ ಅದಕ್ಕೆ ಸಿಗಲಿಲ್ಲ. ಜೂಜಿನ ಬಗ್ಗೆ ಪುಸ್ತಕ ಬರೆಯಬಹುದು, ರೇಸಿನ ಸುದ್ದಿ ಇರುವ ಪತ್ರಿಕೆಯನ್ನು ಅಂಗಡಿಯಲ್ಲಿ ಎಲ್ಲರಿಗೂ ಮಾರಬಹುದು. ಅಕ್ರಮ ದಂಧೆಯ ಕೈಗೆ ಅದರ ಸಲಕರಣೆಯನ್ನೇ ತಿಳಿದೂ ತಿಳಿದೂ ಕೊಡುವುದು ಬೇರೆ.

ಟಿವಿಯಲ್ಲಿ ಬೆಟ್ಟಿಂಗ್ ಜಾಹೀರಾತು ಬರುತ್ತದಲ್ಲ ಎಂದು ಹುಡುಗ ಕೇಳಿದ. ನಿಜ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅನೇಕ ರಾಜ್ಯಗಳು ಕ್ರೀಡಾ ಬೆಟ್ಟಿಂಗಿಗೆ ಅವಕಾಶ ಕೊಟ್ಟಿವೆ. ನ್ಯೂಯಾರ್ಕಿನಲ್ಲಿ 2022ರ ಜನವರಿಯಿಂದ ಮೊಬೈಲಿನಲ್ಲೇ ಆಡಬಹುದು. ಆದರೆ ಅದು ಪರವಾನಗಿ ಪಡೆದ ಕಂಪನಿಗಳಿಗೆ. ಸರ್ಕಾರಿ ಲಾಟರಿಯ ಯಂತ್ರ ಅಂಗಡಿಯಲ್ಲಿದ್ದರೂ ಪಕ್ಕದ ಚೀಟಿ ಕಟ್ಟಿಗೆ ಆ ಪರವಾನಗಿ ಅಂಟುವುದಿಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಮುಂದಿನ ಮಾತು ಹೇಳುವಾಗ. ಗ್ರೀನ್ ಕಾರ್ಡ್ ಇದ್ದವರು ಪೌರತ್ವ ಕೇಳುವಾಗ ಸಾಮಾನ್ಯವಾಗಿ ಹಿಂದಿನ ಐದು ವರ್ಷಗಳ ಸನ್ನಡತೆ ತೋರಿಸಬೇಕು. ಆ ಅವಧಿಯಲ್ಲಿ ಜೂಜಿನ ಎರಡು ಅಪರಾಧ ಸಾಬೀತಾಗಿದ್ದರೆ ಸನ್ನಡತೆ ಇಲ್ಲವೆಂದೇ ವಲಸೆ ಕಾನೂನು ಹೇಳುತ್ತದೆ. ಅಕ್ರಮ ಜೂಜೇ ಮುಖ್ಯ ಆದಾಯವಾಗಿದ್ದರೂ ಹಾಗೆಯೇ. ಹೊಲ ಅಡವಿಟ್ಟು ಮಗನನ್ನು ಕಳಿಸಿದ ತಂದೆತಾಯಿ ನಮ್ಮ ತಾಲ್ಲೂಕಿನಲ್ಲಿ ಎಷ್ಟಿಲ್ಲ! ಯಾರದೋ ಚೀಟಿ ಕಟ್ಟಿಗಾಗಿ ಅದೆಲ್ಲ ಹೋಗಬಾರದು.

ಆದ್ದರಿಂದ ಮಾಲೀಕರು ಹೇಳಿದರೂ ಅಂಥ ಚೀಟಿ ಹಿಡಿಯಬೇಡಿ. ಒಲ್ಲೆ ಎಂಬುದನ್ನು ಸಂದೇಶದಲ್ಲಿ ಬರೆದು ಕಳಿಸಿ, ಅಳಿಸಬೇಡಿ. ಪೊಲೀಸರು ಬಂಧಿಸಿದರೆ ಹೆಸರು ಹೇಳಿ, ವಕೀಲರು ಬೇಕೆಂದು ಕೇಳಿ, ಸುಮ್ಮನಿರಿ. ದಂಡ ಕಟ್ಟಿ ಮುಗಿಸಿಬಿಡೋಣ ಎಂದು ತಪ್ಪೊಪ್ಪಿಕೊಳ್ಳುವ ಮುನ್ನ, ಇದರಿಂದ ಗಡಿಪಾರಾಗುವ ಅಪಾಯವಿದೆಯೇ ಎಂದು ವಕೀಲರನ್ನು ಕೇಳಲೇಬೇಕು. ಅದನ್ನು ತಿಳಿಸುವುದು ಅವರ ಕರ್ತವ್ಯವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೈಲು ಶಿಕ್ಷೆಯಾಗಬಹುದಾದ ಪ್ರಕರಣದಲ್ಲಿ ನಿಮ್ಮಲ್ಲಿ ಹಣವಿಲ್ಲದಿದ್ದರೆ ನ್ಯಾಯಾಲಯವೇ ವಕೀಲರನ್ನು ನೇಮಿಸುತ್ತದೆ. ವಲಸೆ ನ್ಯಾಯಾಲಯದಲ್ಲಿ ಆ ಹಕ್ಕಿಲ್ಲ; ಅಲ್ಲಿಗೆ ಹೋಗುವ ಸ್ಥಿತಿ ಬಂದರೆ ವಕೀಲರ ಶುಲ್ಕ ನಿಮ್ಮ ಜೇಬಿನಿಂದಲೇ.