ಅನ್ನಾ ಸತ್ತ ಮೇಲಿನ 19 ಅಧ್ಯಾಯಗಳು

ಸೆಮಿನಾರಿಗೆ ಟಾಲ್‌ಸ್ಟಾಯ್‌ನ 'ಅನ್ನಾ ಕರೆನಿನಾ'ದ ಅಂತ್ಯದ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡಾಗ ಆ ಕಾದಂಬರಿಯನ್ನು ನಾನು ಪೂರ್ತಿ ಓದಿರಲಿಲ್ಲ. ಓದಿದ್ದೇನೆ ಅಂತಲೇ ನಂಬಿದ್ದೆ. ಏಳನೇ ಭಾಗದ ಕೊನೆಗೆ ಅವಳು ರೈಲಿನ ಗಾಲಿಗೆ ಸಿಕ್ಕಾಗ ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಗೋಡೆ ನೋಡುತ್ತ ಕೂತಿದ್ದೆ. ಮುಂದೆ ಎಂಟನೇ ಭಾಗ ಇತ್ತು, ನಿಜ. ತೆರೆದರೆ, ಯಾರೋ ಆರು ವರ್ಷ ದುಡಿದು ಬರೆದ ಪುಸ್ತಕವನ್ನು ಜನ ಕ್ಯಾರೇ ಅನ್ನಲಿಲ್ಲ ಎಂಬ ಗೋಳು. ಅನ್ನಾ ಸತ್ತಿದ್ದಾಳೆ, ಇವನಿಗೆ ವಿಮರ್ಶೆಯ ಚಿಂತೆ! ಅಲ್ಲಿಗೇ ಬಿಟ್ಟೆ.

ಮೊದಲ ಕರಡಿನ ತುಂಬ ಬರೀ ರೈಲು. ಅವಳು ಮಾಸ್ಕೋಗೆ ಬಂದಿಳಿದ ದಿನವೇ ಕಾವಲುಗಾರನೊಬ್ಬ ರೈಲಿಗೆ ಸಿಕ್ಕಿ ಸಾಯುತ್ತಾನೆ. ಕೊನೆಗೆ ಅವಳೂ ಹಾಗೇ. ನಡುವೆ ದುಃಸ್ವಪ್ನ. ಎಲ್ಲ ಚೆನ್ನಾಗಿ ಕೂಡಿ ಬಂತು, ಗಣಿತದ ಲೆಕ್ಕದ ಹಾಗೆ. ಓದಿದ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಉಳಿದ 19 ಅಧ್ಯಾಯ ಯಾಕಿವೆ?"

ಉತ್ತರ ಹುಡುಕುವಾಗ ತಿಳಿಯಿತು, ನಾನು ನಿಂತ ಜಾಗದಲ್ಲೇ ಇನ್ನೊಬ್ಬನೂ ನಿಂತಿದ್ದ. 1875ರಿಂದ ಕಾದಂಬರಿಯನ್ನು ಕಂತುಗಳಲ್ಲಿ ಅಚ್ಚು ಹಾಕುತ್ತಿದ್ದ 'ರುಸ್ಕಿ ವೆಸ್ತ್‌ನಿಕ್' ಪತ್ರಿಕೆಯ ಸಂಪಾದಕ ಕತ್ಕೋವ್. ತುರ್ಕರ ವಿರುದ್ಧ ಹೋರಾಡಲು ಸರ್ಬಿಯಾಕ್ಕೆ ಹೊರಟ ರಷ್ಯನ್ ಸ್ವಯಂಸೇವಕರ ಬಗ್ಗೆ ಎಂಟನೇ ಭಾಗದಲ್ಲಿದ್ದ ಮಾತು ಅವನಿಗೆ ಹಿಡಿಸಲಿಲ್ಲ. ನಾಯಕಿಯ ಸಾವಿನೊಂದಿಗೆ ಕಾದಂಬರಿ ಮುಗಿದಂತೆಯೇ ಎಂದು ಟಿಪ್ಪಣಿ ಹಾಕಿ ಕೈತೊಳೆದುಕೊಂಡ. ಟಾಲ್‌ಸ್ಟಾಯ್ 1877ರಲ್ಲಿ ಆ ಭಾಗವನ್ನು ಬೇರೆಯೇ ಪುಸ್ತಕವಾಗಿ ಅಚ್ಚು ಹಾಕಿಸಬೇಕಾಯಿತು. ಕತ್ಕೋವನಿಗಾದರೂ ರಾಜಕೀಯದ ಕಾರಣವಿತ್ತು. ನನ್ನದು ಸೋಮಾರಿತನ.

ಮತ್ತೆ ಕೂತೆ. ಈ ಸಲ ಒಂದು ಹಾಳೆಯಲ್ಲಿ ಎಂಟನೇ ಭಾಗದ ಒಬ್ಬೊಬ್ಬರ ಹೆಸರು ಬರೆದು, ಅವರ ಪಾಲಿಗೆ ಅನ್ನಾ ಎಷ್ಟು ಉಳಿದಿದ್ದಾಳೆ ಎಂದು ಎದುರಿಗೆ ಗುರುತು ಹಾಕುತ್ತ ಹೋದೆ.

ಕಳೆದಿರುವುದು ಸುಮಾರು ಎರಡು ತಿಂಗಳು, ಅಷ್ಟೇ. ಅಣ್ಣ ಸ್ತೀವಾ ತಂಗಿಯ ಹೆಣದ ಮೇಲೆ ಬಿದ್ದು ಅತ್ತವನು. ಅವಳ ಪ್ರಿಯಕರ ವ್ರಾನ್‌ಸ್ಕಿ ಯುದ್ಧಕ್ಕೆ ಹೊರಟು ನಿಲ್ದಾಣದಲ್ಲಿದ್ದಾನೆ ಎಂದು ಕೇಳಿದಾಗ ಅವನ ಮುಖ ಒಂದು ಗಳಿಗೆ ಬಾಡುತ್ತದೆ. ಮರುಗಳಿಗೆ ಮೀಸೆ ನೀವಿಕೊಂಡು ಒಳಗೆ ಹೋಗುವಾಗ ಆ ಅಳು ಪೂರ್ತಿ ಮರೆತಿದೆ. ಎದುರಿಗಿರುವವನು ವೀರ, ಹಳೇ ಸ್ನೇಹಿತ. ವ್ರಾನ್‌ಸ್ಕಿಯ ತಾಯಿಗೆ ಅನ್ನಾಳ ಸಾವೂ ನೀಚ. ವ್ರಾನ್‌ಸ್ಕಿಗೆ ಹಲ್ಲುನೋವು. ಮೊದಲ ಓದಿಗೆ ಇದು ನಗು ತರಿಸಬಹುದು. ಆದರೆ ಹಳಿಯ ಮೇಲೆ ಉರುಳಿ ಬರುವ ಗಾಲಿಗಳು ಕಣ್ಣಿಗೆ ಬಿದ್ದದ್ದೇ ತಡ ಅವನಿಗೆ ಹಲ್ಲುನೋವು ಮರೆತುಹೋಗುತ್ತದೆ, ನಿಲ್ದಾಣದ ಮೇಜಿನ ಮೇಲೆ ಅಪರಿಚಿತರ ನಡುವೆ ಮಲಗಿಸಿದ್ದ ದೇಹ ನೆನಪಿಗೆ ಬರುತ್ತದೆ. ಇಡೀ ಹಾಳೆಯಲ್ಲಿ ಪೂರ್ತಿ ಗುರುತು ಸಿಕ್ಕಿದ್ದು ಇವನೊಬ್ಬನಿಗೆ.

ಆಮೇಲೆ ಜೇನುಗೂಡುಗಳ ಬಳಿಯ ದೃಶ್ಯ. ಸ್ತೀವಾನ ಹೆಂಡತಿ ಡಾಲಿ ಮಕ್ಕಳಿಗೆ ಸೌತೆಕಾಯಿ, ಜೇನು ಹಂಚುತ್ತಿದ್ದಾಳೆ. ಹಂಚುತ್ತಲೇ ತಂಗಿಯ ಗಂಡ ಲೆವಿನ್‌ಗೆ, ಕಾದಂಬರಿಯ ಇನ್ನೊಬ್ಬ ನಾಯಕನಿಗೆ, ಹೇಳುತ್ತಾಳೆ: ನಿಮ್ಮಣ್ಣ ಯಾರ ಜೊತೆ ಬಂದರು ಗೊತ್ತಾ? ವ್ರಾನ್‌ಸ್ಕಿ ಜೊತೆ! ಸರ್ಬಿಯಾಕ್ಕೆ ಹೊರಟಿದ್ದಾನಂತೆ. ಅಲ್ಲಿಂದ ಮಾತು ಯುದ್ಧಕ್ಕೆ ಹೊರಳುತ್ತದೆ. ಅನ್ನಾ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಡಾಲಿ ಅಂದರೆ, ನೆನಪಿಡಿ, ಯಾರ ಸಂಸಾರ ಉಳಿಸಲು ಅನ್ನಾ ಮೊದಲ ಭಾಗದಲ್ಲಿ ಮಾಸ್ಕೋಗೆ ಬಂದಿದ್ದಳೋ ಅವಳೇ. ಅವಳೇನೂ ಕೆಟ್ಟವಳಲ್ಲ. ಮಕ್ಕಳಿಗೆ ಹಸಿವಾಗಿದೆ. ಗಾಲಿಯಡಿಯ ಸಾವಿಗೆ ಬಾರದ ಕಣ್ಣೀರು ನನಗೆ ಈ ಸೌತೆಕಾಯಿಗೆ ಬಂತು.

ಲೆವಿನ್ ಸಾಲಿನ ಮುಂದೆ ಏನು ಬರೆಯುವುದೆಂದು ಬಹಳ ಒದ್ದಾಡಿದೆ. ಅವನೂ ಸಾವಿನ ಅಂಚಿಗೆ ಹೋಗಿ ಬಂದವನು. ನೇಣು ಹಾಕಿಕೊಂಡೇನೆಂದು ಹಗ್ಗ ಬಚ್ಚಿಡುತ್ತಾನೆ, ಗುಂಡು ಹೊಡೆದುಕೊಂಡೇನೆಂದು ಬಂದೂಕು ಒಯ್ಯುವುದಿಲ್ಲ. ಒಕ್ಕಲಿಗ ಫ್ಯೊದರ್ ಕೆಲಸದ ನಡುವೆ ಸುಮ್ಮನೆ ಆಡಿದ ಮಾತೊಂದು, ಆತ್ಮಕ್ಕಾಗಿ ಬದುಕುವ ಮುದುಕನೊಬ್ಬನ ಮಾತು, ಅವನನ್ನು ಉಳಿಸುತ್ತದೆ. ಆಗ ಏಳನೇ ಭಾಗಕ್ಕೆ ಹಿಂತಿರುಗಿ ನೋಡಿದೆ. ಕೊನೆಯ ಪ್ರಯಾಣದಲ್ಲಿ ಅನ್ನಾ ಕಿವಿಗೂ ಇಂಥದೇ ಒಂದು ಮಾತು ಬಿದ್ದಿತ್ತು. ಎದುರು ಕೂತ ಹೆಂಗಸು ಫ್ರೆಂಚಿನಲ್ಲಿ ಹೇಳುತ್ತಾಳೆ: ಕಾಡುವುದರಿಂದ ಬಿಡಿಸಿಕೊಳ್ಳಲೆಂದೇ ಮನುಷ್ಯನಿಗೆ ಬುದ್ಧಿ ಕೊಟ್ಟಿರುವುದು. ತನ್ನ ಮಾತಿಗೆ ತಾನೇ ಬೀಗುವ ಒಣ ಮಾತು. ಅನ್ನಾ ಅದನ್ನೇ ಹಿಡಿದುಕೊಂಡು ಇಳಿಯುತ್ತಾಳೆ.

ಇಬ್ಬರೂ ದಾರಿಯಲ್ಲಿ ಕೇಳಿದ್ದು ಒಂದೊಂದೇ ಮಾತು. ಲೆವಿನ್‌ಗೆ ಬೆಳಕು ಸಿಕ್ಕಿದ್ದನ್ನು ಟಾಲ್‌ಸ್ಟಾಯ್ ಎಷ್ಟು ಪುಟ ಬೇಕಾದರೂ ಬರೆಯಲಿ (ಬರೆದಿದ್ದಾನೆ, ತೂಕಡಿಸಿದ್ದೂ ಉಂಟು), ನನಗದು ಗೆಲುವು ಎನ್ನಿಸುವುದಿಲ್ಲ. ಅದೃಷ್ಟ ಎನ್ನಿಸುತ್ತದೆ. ಬಿದ್ದ ಮೇಲೂ ಅವಳು ಏಳಲು ನೋಡುತ್ತಾಳೆ: ನಾನೆಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ, ಯಾಕೆ? ಆ ಡಬ್ಬಿಯಲ್ಲಿ ಬೇರೆ ಯಾರಾದರೂ ಕೂತಿದ್ದರೆ?

ಮಂಡಿಸಿದ ದಿನ ಇದನ್ನೇ ಹೇಳಿದೆ. ಕಾದಂಬರಿಯ ಪಾತ್ರಕ್ಕೆ ಬೇರೆ ಸಹಪ್ರಯಾಣಿಕರನ್ನು ಕೇಳುವುದು ವಿಮರ್ಶೆಯಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಇರಬಹುದು. ಆ ಪ್ಯಾರಾವನ್ನು ನಾನು ತೆಗೆಯಲಿಲ್ಲ. ರೈಲಿನ ಬಗ್ಗೆ ಬರೆದಿದ್ದ ಹನ್ನೊಂದು ಪುಟಗಳನ್ನು ಒಂದಕ್ಕೆ ಇಳಿಸಿದ್ದೆ, ಜಾಗ ಬೇಕಾದಷ್ಟಿತ್ತು.