ಮಾರತ್ತಹಳ್ಳಿ ಔಟ್‌ಲೆಟ್‌ಗೆ ಹೊರಟಿದ್ದೀರಾ? ಬೋರ್ಡ್ ಬಿಡಿ, ಲೇಬಲ್ ಓದಿ

ಊರಿಂದ ಯಾರೇ ಬೆಂಗಳೂರಿಗೆ ಬಂದರೂ ಎರಡನೇ ದಿನ ಈ ಮಾತು ಬಂದೇ ಬರುತ್ತದೆ. "ಅಣ್ಣ, ಮಾರತ್ತಹಳ್ಳೀಲಿ ಬ್ರಾಂಡ್ ಬಟ್ಟೆ ಅರ್ಧ ರೇಟಿಗೆ ಸಿಗುತ್ತಂತೆ, ಹೋಗಿ ಬರೋಣ್ವಾ?" ಹೋದ ಸಲ ಚಿಕ್ಕಪ್ಪನ ಮಗ ಬಂದಾಗಲೂ ಇದೇ ಆಯಿತು. ಅರ್ಧ ರೇಟಿಗೆ ಸಿಗುವುದು ನಿಜ. ಆದರೆ ಯಾವ ರೇಟಿನ ಅರ್ಧ, ಯಾಕೆ ಅರ್ಧ ಅಂತ ಗೊತ್ತಿಲ್ಲದೆ ಹೋದರೆ ಮೂರು ಕವರ್ ತುಂಬಿಸಿಕೊಂಡು ಬರುತ್ತೀರಿ, ಅದರಲ್ಲಿ ಎರಡು ಬೀರುವಿನಲ್ಲೇ ಉಳಿಯುತ್ತವೆ. ಹತ್ತಾರು ಸಲ ಹೋಗಿ, ಒಂದೆರಡು ಸಲ ಚೆನ್ನಾಗಿ ಟೋಪಿ ಹಾಕಿಸಿಕೊಂಡು ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜಾಗ. ಔಟ್‌ಲೆಟ್ ಅಂದ ಕೂಡಲೇ ಒಂದು ದೊಡ್ಡ ಮಾಲ್ ಹುಡುಕಿಕೊಂಡು ಹೋಗಬೇಡಿ. ಇಲ್ಲಿ ಅಂಗಡಿಗಳು ರಸ್ತೆಯುದ್ದಕ್ಕೂ ಹರಡಿಕೊಂಡಿವೆ. ಔಟರ್ ರಿಂಗ್ ರೋಡ್, ಹಳೇ ಏರ್‌ಪೋರ್ಟ್ ಕಡೆಯಿಂದ ವರ್ತೂರಿಗೆ ಹೋಗುವ ರಸ್ತೆ, ಎರಡೂ ಸೇರುವುದು ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ. ಅದರ ಸುತ್ತಮುತ್ತಲೇ ಎಲ್ಲ. ಹೆಬ್ಬಾಳದ ಕಡೆಯಿಂದಾಗಲಿ ಸಿಲ್ಕ್ ಬೋರ್ಡ್ ಕಡೆಯಿಂದಾಗಲಿ 500ಡಿ ಬಸ್ ಹತ್ತಿದರೆ ನೇರ ಬ್ರಿಡ್ಜ್ ಹತ್ತಿರ ಇಳಿಯಬಹುದು. ಮೆಟ್ರೋ ಆದರೆ ನೇರಳೆ ಮಾರ್ಗದ ಕುಂದಲಹಳ್ಳಿ ಸ್ಟೇಷನ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ಕಾರು ಮಾತ್ರ ತರಬೇಡಿ. ನೀಲಿ ಮಾರ್ಗದ ಕೆಲಸ ಶುರುವಾದ ಮೇಲೆ ರಿಂಗ್ ರೋಡ್‌ನಲ್ಲಿ ಕಾರು ನಿಲ್ಲಿಸುವ ಮಾತೇ ಇಲ್ಲ. ಸಂಜೆ ಐದರ ಮೇಲಂತೂ ಐಟಿ ಕಂಪನಿಗಳೆಲ್ಲ ಒಟ್ಟಿಗೆ ಬಿಡುವ ಹೊತ್ತು. ವಾರದ ದಿನ ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಟ್ರಯಲ್ ರೂಮ್ ಮುಂದೆ ಕ್ಯೂ ಇರುವುದಿಲ್ಲ.

ಈಗ ಯಾಕೆ ಅರ್ಧ ರೇಟು ಅನ್ನುವುದಕ್ಕೆ ಬರೋಣ. ಔಟ್‌ಲೆಟ್‌ಗೆ ಬರುವ ಮಾಲು ಒಂದೇ ಥರದ್ದಲ್ಲ. ಹಿಂದಿನ ಸೀಸನ್‌ನಲ್ಲಿ ಮಾರಾಟವಾಗದೆ ಉಳಿದ ಒಳ್ಳೇ ಮಾಲು ಒಂದು ಬಗೆ, ನಿಮಗೆ ಬೇಕಾದದ್ದು ಇದೇ. ಸೈಜ್ ಮುರಿದ ಮಾಲು ಇನ್ನೊಂದು. 40, 42 ಎಲ್ಲ ಖಾಲಿಯಾಗಿ 38, 46 ಮಾತ್ರ ಉಳಿದಿರುತ್ತದೆ. ಸಣ್ಣಗಿರುವವರಿಗೂ ದಪ್ಪಗಿರುವವರಿಗೂ ಇದು ಹಬ್ಬ, ನನ್ನಂಥ ನಡುವಿನವರಿಗೆ ಕಷ್ಟ. ಮೂರನೆಯದು ಸೆಕೆಂಡ್ಸ್, ಅಂದರೆ ಹೊಲಿಗೆಯಲ್ಲೋ ಬಣ್ಣದಲ್ಲೋ ಸಣ್ಣ ತಪ್ಪಾದ ಬಟ್ಟೆ. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಔಟ್‌ಲೆಟ್‌ನಲ್ಲಿ ಮಾರುವುದಕ್ಕೇ ಮಾಡಿಸಿದ ಬಟ್ಟೆ. ಬ್ರಾಂಡ್ ಅದೇ, ಬಟ್ಟೆ ಸ್ವಲ್ಪ ತೆಳು, ಗುಂಡಿ ಸಾಧಾರಣ. ಅದು ಯಾವತ್ತೂ ಪೂರ್ತಿ ಎಂಆರ್‌ಪಿಗೆ ಮಾರಾಟವಾಗಿಯೇ ಇರುವುದಿಲ್ಲ, ಹಾಗಾಗಿ ಆ ಐವತ್ತು ಪರ್ಸೆಂಟ್‌ಗೆ ಅರ್ಥವೇ ಇಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಟ್ಯಾಗ್ ಮೇಲೆ ಸ್ಟೈಲ್ ನಂಬರ್ ಇರುತ್ತದೆ, ಅದನ್ನು ಫೋನಿನಲ್ಲಿ ಹುಡುಕಿ. ಹಳೇ ಸೀಸನ್ ಮಾಲಾದರೆ ಎಲ್ಲೋ ಒಂದು ಕಡೆ ಫೋಟೋ, ಹಳೇ ಬೆಲೆ ಸಿಗುವ ಸಾಧ್ಯತೆ ಜಾಸ್ತಿ. ಎಲ್ಲೂ ಸುಳಿವೇ ಇಲ್ಲದಿದ್ದರೆ ಬ್ರಾಂಡ್ ಹೆಸರು ಮರೆತು ಬಟ್ಟೆಗಷ್ಟೇ ಬೆಲೆ ಕಟ್ಟಿ. ಟ್ಯಾಗ್‌ನಲ್ಲಿ ತಿಂಗಳು, ವರ್ಷ ಇದ್ದರೆ ಅದನ್ನೂ ನೋಡಿ.

ಇನ್ನೊಂದು ವಿಷಯ. "ಫ್ಯಾಕ್ಟರಿ ಔಟ್‌ಲೆಟ್" ಅಂತ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕಂಪನಿಯ ಅಂಗಡಿ ಪಕ್ಕದಲ್ಲೇ ಹತ್ತು ಬ್ರಾಂಡ್‌ಗಳ ಹೆಸರು ಬರೆದುಕೊಂಡ ಅಂಗಡಿ ಇರುತ್ತದೆ. ಒಳಗೆ ಹೋದರೆ ಮುಂದಿನ ಎರಡು ರ‍್ಯಾಕ್ ಮಾತ್ರ ಆ ಬ್ರಾಂಡ್‌ಗಳು, ಉಳಿದದ್ದೆಲ್ಲ ಎಲ್ಲೂ ಕೇಳದ ಹೆಸರು, ಎಂಆರ್‌ಪಿ 2,999, ಮೇಲೆ 70 ಪರ್ಸೆಂಟ್ ಆಫ್! ಎಂಆರ್‌ಪಿ ಬರೆದವರೂ ಅವರೇ, ಕಡಿಮೆ ಮಾಡಿದವರೂ ಅವರೇ. ಬಿಲ್ ಇಲ್ಲದೆ ಏನನ್ನೂ ತಗೊಳ್ಳಬೇಡಿ. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ನೋಡಿ, 15 ಅಕ್ಷರ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅಂಗಡಿ ನಿಜವಾಗಿ ಯಾರ ಹೆಸರಿನಲ್ಲಿದೆ ಅಂತ ತಿಳಿಯುತ್ತದೆ.

ಬಟ್ಟೆ ಆರಿಸುವಾಗ ಅಂಗಡಿಯ ಲೈಟ್ ನಂಬಬೇಡಿ. ಚಿಕ್ಕಪ್ಪನ ಮಗ ಒಂದು ನೀಲಿ ಶರ್ಟ್ ಹಿಡಿದುಕೊಂಡು ಕುಣಿಯುತ್ತಿದ್ದ. "ಬಾಗಿಲ ಹತ್ತಿರ ಬಾರೋ" ಅಂತ ಬಿಸಿಲಿಗೆ ಹಿಡಿಸಿದೆ. ಎಡ ತೋಳು ಒಂದು ನೀಲಿ, ಮೈ ಇನ್ನೊಂದು ನೀಲಿ. ಬೇರೆ ಬೇರೆ ಥಾನಿನ ಬಟ್ಟೆ ಕತ್ತರಿಸಿ ಹೊಲಿದರೆ ಹೀಗಾಗುತ್ತದೆ. ಚೆಕ್ಸ್ ಶರ್ಟ್ ಆದರೆ ಜೇಬಿನ ಗೆರೆ ಮೈಯ ಗೆರೆಗೆ ಸೇರಿದೆಯಾ ನೋಡಿ. ಕಾಲರ್‌ನ ಎರಡು ತುದಿ ಒಂದರ ಮೇಲೊಂದು ಇಟ್ಟು ಅಳೆಯಿರಿ. ಜೀನ್ಸ್ ಆದರೆ ಎರಡು ಕಾಲನ್ನೂ ಜೋಡಿಸಿ ನೇತುಬಿಡಿ, ಪಕ್ಕದ ಹೊಲಿಗೆ ಮೊಣಕಾಲಿನ ಕೆಳಗೆ ಮುಂದಕ್ಕೆ ತಿರುಗಿದ್ದರೆ ಒಗೆದ ಮೇಲೆ ಇನ್ನೂ ತಿರುಗುತ್ತದೆ. ಟೀ ಶರ್ಟ್‌ಗೂ ಇದೇ ಪರೀಕ್ಷೆ. ಗುಂಡಿ ಎಣಿಸಿ, ಜಿಪ್ ನಾಲ್ಕು ಸಲ ಎಳೆಯಿರಿ. ಹ್ಯಾಂಗರ್ ಮೇಲಿನ ಸೈಜ್ ನಂಬಬೇಡಿ, ಕುತ್ತಿಗೆ ಹತ್ತಿರದ ಲೇಬಲ್ ನೋಡಿ. ನೂರು ಜನ ತೆಗೆದು ಹಾಕಿರುತ್ತಾರೆ, ಅದಲು ಬದಲಾಗಿರುತ್ತದೆ.

ಶೂ ವಿಷಯದಲ್ಲಿ ನನಗೆ ಆದದ್ದು ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಂದು ಔಟ್‌ಲೆಟ್‌ನಲ್ಲಿ ಟ್ರೆಕಿಂಗ್ ಶೂ ಸಿಕ್ಕಿತು. ಡಬ್ಬ ಬಿಚ್ಚದ ಹೊಸದು, ಅರ್ಧಕ್ಕಿಂತ ಕಡಿಮೆ ಬೆಲೆ. ಎರಡನೇ ಸಲ ಹಾಕಿಕೊಂಡು ಸ್ಕಂದಗಿರಿ ಹತ್ತಿದೆ. ಇಳಿಯುವಾಗ ಬಲಗಾಲಿನ ಸೋಲ್ ಒಣಗಿದ ಬೆಲ್ಲದ ಹಾಗೆ ಪುಡಿಪುಡಿಯಾಗಿ ಉದುರಿತು. ಬ್ಯಾಗಿನ ದಾರ ಬಿಚ್ಚಿ ಶೂಗೆ ಕಟ್ಟಿಕೊಂಡು ಕುಂಟುತ್ತಾ ಇಳಿದೆ, ಜೊತೆಗಿದ್ದವರು ಫೋಟೋ ಹೊಡೆದುಕೊಂಡರು. ಆಮೇಲೆ ಗೊತ್ತಾಗಿದ್ದು: ಪಾಲಿಯುರೆಥೇನ್ ಸೋಲ್, ಅಂದರೆ ಪಿಯು ಸೋಲ್, ಗಾಳಿಯ ತೇವಕ್ಕೇ ನಿಧಾನವಾಗಿ ಒಳಗಿಂದ ಹಾಳಾಗುತ್ತದೆ. ಹಾಕದೆ ಡಬ್ಬದಲ್ಲಿಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಇವಿಎ ಅನ್ನುವ ಹಗುರ ಫೋಮ್ ಸೋಲ್‌ಗೆ ಈ ಕಾಯಿಲೆ ಇಲ್ಲ, ಆದರೆ ಅಂಟು ಬಿಡಬಹುದು. ಹಾಗಾಗಿ ಶೂನ ನಾಲಿಗೆಯ ಒಳಗಡೆ ಹೊಲಿದಿರುವ ಚಿಕ್ಕ ಲೇಬಲ್ ಓದಿ. ತುಂಬ ಬ್ರಾಂಡ್‌ಗಳು ತಯಾರಾದ ತಿಂಗಳು, ವರ್ಷ ಅಲ್ಲೇ ಹಾಕುತ್ತವೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಪಿಯು ಸೋಲ್ ಎರಡು ವರ್ಷಕ್ಕಿಂತ ಹಳೇದಾದರೆ ನಾನು ಮುಟ್ಟುವುದಿಲ್ಲ. ಎರಡೂ ಕಾಲಿನ ಶೂ ಹಾಕಿ ನಡೆದು ನೋಡಿ, ಒಂದು ಶೋಕೇಸ್‌ನಲ್ಲಿದ್ದು ಬಣ್ಣ ಮಾಸಿರಬಹುದು, ಸೈಜೂ ಬೇರೆಯಿರಬಹುದು. ನೈಕಿಯಲ್ಲಿ ಯುಕೆ 8 ಅಂದರೆ 27 ಸೆಂ.ಮೀ., ಅಡಿಡಾಸ್‌ನಲ್ಲಿ 26.5. ನಂಬರ್ ಬದಲು ಸೆಂಟಿಮೀಟರ್ ನೆನಪಿಟ್ಟುಕೊಂಡು ಹೋಗಿ.

ಬಿಲ್ ಕೌಂಟರ್ ಲೆಕ್ಕ. "50+20" ಅಂದರೆ 70 ಅಲ್ಲ. ಎರಡು ಸಾವಿರದ ಪ್ಯಾಂಟ್ ಮೊದಲು ಸಾವಿರಕ್ಕೆ, ಆಮೇಲೆ ಎಂಟುನೂರಕ್ಕೆ ಇಳಿಯುತ್ತದೆ, ಅಂದರೆ ಶೇ 60. "ಮೂರು ಕೊಂಡರೆ ಎರಡು ಫ್ರೀ" ಅಂದರೆ ಶೇ 40, ಅದೂ ನಿಮಗೆ ಐದು ಬೇಕಿದ್ದರೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಡಿಸ್ಕೌಂಟ್ ಬೆಲೆಯ ಮೇಲೆ "ಜಿಎಸ್‌ಟಿ ಎಕ್ಸ್‌ಟ್ರಾ" ಅಂದರೆ ಸುಮ್ನೆ ಕೊಡಬೇಡಿ, ಇಂಥ ದೂರುಗಳಲ್ಲಿ ಗ್ರಾಹಕ ಆಯೋಗಗಳು ಗಿರಾಕಿ ಪರ ತೀರ್ಪು ಕೊಟ್ಟಿವೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೂ ಶೂಗೂ ಜಿಎಸ್‌ಟಿ ಶೇ 5, ಅದಕ್ಕಿಂತ ಜಾಸ್ತಿಯಾದರೆ ಶೇ 18. ಲೆಕ್ಕಕ್ಕೆ ಬರುವುದು ಮಾರಿದ ಬೆಲೆ, ಎಂಆರ್‌ಪಿ ಅಲ್ಲ. ಮನೆಯಿಂದಲೇ ಒಂದು ಚೀಲ ತಗೊಂಡು ಹೋಗಿ. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ ಪೇಪರ್ ಬ್ಯಾಗ್‌ಗೆ 3 ರೂಪಾಯಿ ತಗೊಂಡಿದ್ದಕ್ಕೆ ಒಂದು ಶೂ ಅಂಗಡಿಗೆ 9,000 ರೂಪಾಯಿ ಕಟ್ಟಿಸಿತ್ತು. ಆದರೂ ಕೌಂಟರ್‌ನಲ್ಲಿ ಜಗಳ ಮಾಡುವುದಕ್ಕಿಂತ ಚೀಲ ಒಯ್ಯುವುದು ಸುಲಭ ಅಲ್ವಾ?

ಗೋಡೆ ಮೇಲೆ "ನೋ ಎಕ್ಸ್‌ಚೇಂಜ್, ನೋ ರಿಟರ್ನ್" ಅಂತ ಇರುತ್ತದೆ. ಬಣ್ಣ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡಲು ಹೋದರೆ ಅವರು ಒಪ್ಪಬೇಕಾಗಿಲ್ಲ. ಆದರೆ ಮಾಲೇ ದೋಷದ್ದಾದರೆ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಹೇಳದಿದ್ದರೆ 30 ದಿನದೊಳಗೆ, ದೋಷದ ಮಾಲು ವಾಪಸ್ ತಗೊಂಡು ದುಡ್ಡು ಕೊಡಲ್ಲ ಅನ್ನುವುದು ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಸೆಕೆಂಡ್ಸ್ ಅಂತ ಹೇಳಿಯೇ ಮಾರಿದ್ದರೆ ಅದೇ ತಪ್ಪಿಗೆ ವಾದ ಮಾಡುವುದು ಕಷ್ಟ, ಅದಕ್ಕೇ ಮೊದಲೇ ಕೇಳಿಬಿಡಿ. ನನ್ನ ಶೂ ಬಿಲ್ ಅಷ್ಟು ಹೊತ್ತಿಗೆ ಮಸಿಯೆಲ್ಲ ಅಳಿಸಿ ಬಿಳಿ ಚೀಟಿಯಾಗಿತ್ತು. ಕೌಂಟರ್‌ನಲ್ಲೇ ಬಿಲ್‌ನ ಫೋಟೋ ತೆಗೆದುಕೊಳ್ಳಿ.

ಯಾವಾಗ ಹೋಗಬೇಕು ಅಂದರೆ, ಮಾಲ್‌ಗಳ ಸೀಸನ್ ಸೇಲ್ ಮುಗಿದ ಮೇಲೆ. ಅಲ್ಲಿ ಜೂನ್ ಕೊನೆ, ಜುಲೈನಲ್ಲಿ ಒಂದು ಸೇಲ್, ಡಿಸೆಂಬರ್ ಕೊನೆ, ಜನವರಿಯಲ್ಲಿ ಇನ್ನೊಂದು. ಅಲ್ಲಿ ಉಳಿದದ್ದು ಇಲ್ಲಿಗೆ ಬರುವುದು ಆಮೇಲೆ. ನಾನು ಆಗಸ್ಟ್ ಕೊನೆಗೂ ಮಾರ್ಚ್‌ನಲ್ಲೂ ಹೋಗುತ್ತೇನೆ.

ಪ್ಯಾಂಟ್ ಉದ್ದ ಇದ್ದರೆ ಸುತ್ತಲ ಗಲ್ಲಿಗಳಲ್ಲಿ ಆಲ್ಟರೇಶನ್ ಟೈಲರ್‌ಗಳಿದ್ದಾರೆ, ನಿಂತ ಕಾಲಲ್ಲೇ ಕತ್ತರಿಸಿ ಹೊಲಿದು ಕೊಡುತ್ತಾರೆ. ಅವಸರ ಮಾಡಬೇಡಿ. ಕಾಟನ್ ಪ್ಯಾಂಟ್ ಒಂದು ಸಲ ಒಗೆದರೆ ಸ್ವಲ್ಪ ಎಳೆದುಕೊಳ್ಳುತ್ತದೆ, ಕತ್ತರಿಸಿದ ಮೇಲೆ ಅಂಗಡಿಯವರೂ ಬದಲಾಯಿಸಿ ಕೊಡುವುದಿಲ್ಲ. ಚಿಕ್ಕಪ್ಪನ ಮಗ ಕೊನೆಗೆ ತಗೊಂಡಿದ್ದು ಎರಡೇ ಪ್ಯಾಂಟ್. ಎರಡನ್ನೂ ಊರಲ್ಲಿ ಒಗೆದು, ಅವರ ಬೀದಿ ಟೈಲರ್ ಹತ್ತಿರವೇ ಮಡಿಸಿ ಹೊಲಿಸಿದನಂತೆ. ನೀಲಿ ಶರ್ಟ್ ಫೋಟೋ ಮಾತ್ರ ಇನ್ನೂ ಫೋನಲ್ಲಿ ಇಟ್ಟುಕೊಂಡಿದ್ದಾನೆ.