ಪ್ರವಾಸದ ಕೊನೆಗೆ ಮೈಸೂರು, ಕೊನೆಯ ದಿನಕ್ಕೆ ಮಂಡ್ಯ

ಪ್ರವಾಸ ಮುಗಿಯುತ್ತ ಬಂದಂತೆ ನಮ್ಮವರಿಗೆ ಅವಸರ ಜಾಸ್ತಿ. ಉಳಿದಿದ್ದನ್ನೆಲ್ಲ ನೋಡಿ ಮುಗಿಸಬೇಕು. ಹುಬ್ಬಳ್ಳಿಯಿಂದ ಹೊರಟು ಮಂಗಳೂರು, ಮಡಿಕೇರಿ ಸುತ್ತಿ ಮೈಸೂರಿಗೆ ಬರುವ ಹೊತ್ತಿಗೆ ನನಗೂ ಅತ್ತೆಗೂ ಸಾಕಾಗಿತ್ತು. ಅದಕ್ಕೇ ಕೊನೆಯ ದಿನಗಳ ಪಟ್ಟಿ ನಾನೇ ಮಾಡಿದ್ದೆ. ದಿನಕ್ಕೆ ಒಂದೇ ದೊಡ್ಡ ಜಾಗ, ಉಳಿದ ಹೊತ್ತು ಪೇಟೆ. ಕಟ್ಟಕಡೆಯ ದಿನ, ಯಾರೂ ನೋಡೋಕೆ ಅಂತ ಹೋಗದ ಊರು.

ಮೈಸೂರಿಗೆ ಭಾನುವಾರವೇ ತಲುಪುವಂತೆ ನೋಡಿಕೊಂಡೆ. ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ, ಏಳರ ಸುಮಾರಿಗೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ್ದು ಇದು, 1912ಕ್ಕೆ ಮುಗಿಯಿತು. ಒಳಗೆ ನೋಡಬೇಕಾದವರು ಹಗಲು ಹೋಗಬೇಕು. ನಾವು ಬಿಟ್ಟೆವು. ಅತ್ತೆಗೆ ಅಷ್ಟು ಹೊತ್ತು ನಡೆಯೋಕಾಗಲ್ಲ.

ಮರುದಿನ ಬೆಳಿಗ್ಗೆ ಚಾಮುಂಡಿ ಬೆಟ್ಟ. ಬಸ್ಸಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯುವುದು ನನ್ನ ಪದ್ಧತಿ. ಮೇಲಿಂದ ಸುಮಾರು 300 ಮೆಟ್ಟಿಲು ಇಳಿದರೆ ಏಕಶಿಲೆಯ ನಂದಿ. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹಾಗಾಗಿ ಅತ್ತೆ, ನಮ್ಮವರು ಬಸ್ಸಲ್ಲೇ ವಾಪಸ್.

ಮಧ್ಯಾಹ್ನ ದೇವರಾಜ ಮಾರುಕಟ್ಟೆ. ಕಟ್ಟಡದ ಒಂದು ಭಾಗ 2016ರಲ್ಲಿ ಕುಸಿದಿತ್ತು. ಆದರೂ ಒಳಗಿನ ವ್ಯಾಪಾರ ನಿಂತಿಲ್ಲ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಈ ಮೂರಕ್ಕೂ ಜಿಐ ಮಾನ್ಯತೆ, ಅಂದರೆ ಈ ಸೀಮೆಯದ್ದೇ ಅನ್ನುವ ಅಧಿಕೃತ ಗುರುತು ಇದೆ. ಅತ್ತೆಗೆ ಬೇಕಿದ್ದು ಎಲೆ ಮಾತ್ರ. ಒಂದನ್ನು ಎತ್ತಿ, ತುದಿ ಚಿವುಟಿ ಬಾಯಿಗೆ ಹಾಕಿಕೊಂಡರು. "ಎಷ್ಟ್ ಮೆತ್ತಗ ಐತಿ ನೋಡವಾ!" ಅಂದರು. ಅಂಗಡಿಯವರು ನಕ್ಕು, "ಚಿಗುರೆಲೆ ಕಣಮ್ಮ. ಊರು ಮುಟ್ಟೋವರೆಗೂ ಒದ್ದೆ ಬಟ್ಟೇಲಿ ಸುತ್ತಿಡಿ" ಅಂದರು. ಕೊಳ್ಳುವುದನ್ನೆಲ್ಲ ಕೊನೆಯ ಊರಿಗೇ ಇಟ್ಟುಕೊಳ್ಳುವುದು ಇದಕ್ಕೇ. ಮೊದಲ ದಿನವೇ ಕೊಂಡರೆ ಊರೂರು ಹೊರಬೇಕು, ಅಲ್ವಾ?

ಮಂಗಳವಾರ ಬೆಳಿಗ್ಗೆ ರೂಮ್ ಖಾಲಿ ಮಾಡಿದೆವು. ಲಗೇಜನ್ನು ಲಾಡ್ಜ್ ಕೌಂಟರ್‌ನಲ್ಲೇ ಬಿಟ್ಟೆವು, ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ನಮ್ಮ ರೈಲು ಇದ್ದಿದ್ದು ರಾತ್ರಿಗೆ. ಮಂಡ್ಯ ಇರುವುದು ಸುಮಾರು 45 ಕಿಲೋಮೀಟರ್ ದೂರದಲ್ಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆ ಆಯ್ತಲ್ಲ, ಅದು ಮಂಡ್ಯದ ಹೊರಗಿಂದ ಹೋಗುತ್ತದೆ. ಬಸ್ಸಿಗೆ ಹೋಗುವವರು ಊರೊಳಗೆ ಬರುತ್ತದಾ ಅಂತ ಕಂಡಕ್ಟರನ್ನು ಕೇಳಿಯೇ ಹತ್ತಿ. ನಾವು ರೈಲು ಹಿಡಿದೆವು. ದಾರಿಯಲ್ಲಿ ಶ್ರೀರಂಗಪಟ್ಟಣ ಸಿಗುತ್ತದೆ. ಅಲ್ಲಿ ಜೋಡಿ ಹಳಿಗೆ ಅಡ್ಡ ಬಂತೆಂದು ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಜಾಕ್ ಕೊಟ್ಟು ಎತ್ತಿ ಪಕ್ಕಕ್ಕೆ ಸರಿಸಿದ್ದಾರೆ. ಇದನ್ನು ಹೇಳಿದ ಮೇಲೆ ನಮ್ಮವರು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ಮಂಡ್ಯದಲ್ಲಿ ಇಳಿದು ಒಬ್ಬ ಆಟೋದವರಿಗೆ, "ಬೆಲ್ಲ ಮಾಡೋ ಆಲೆಮನೆ ತೋರಿಸ್ತೀರಾ?" ಅಂದೆ. ಅವರು ನಮ್ಮನ್ನೊಮ್ಮೆ ನೋಡಿ, "ಅದ್ರಲ್ಲೇನ್ ನೋಡೀರಕ್ಕ, ನಡೀರಿ" ಅಂದರು. ಊರು ದಾಟುತ್ತಲೇ ಎರಡೂ ಕಡೆ ಕಬ್ಬು. ಸ್ವಲ್ಪ ದೂರದಲ್ಲೇ ಹೊಗೆ ಕಂಡಿತು.

ಗಾಣದಿಂದ ಕಬ್ಬಿನ ಹಾಲು ಸೀದಾ ತೊಟ್ಟಿಗೆ, ಅಲ್ಲಿಂದ ಕೊಪ್ಪರಿಗೆಗೆ. ಒಲೆಗೆ ಸೌದೆ ಇಲ್ಲ. ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ ಒಬ್ಬರು ಬಿಡದೆ ತಳ್ಳುತ್ತಿದ್ದರು. ಕುದಿ ಬಂದ ಕೂಡಲೇ ಸುಣ್ಣ ಬಿತ್ತು, ಮಡ್ಡಿ ಮೇಲೆದ್ದಿತು, ಅದನ್ನು ತೆಗೆದು ಹೊರಗೆ ಹಾಕಿದರು. ಆಮೇಲೆ ನೊರೆ ಅಂಚಿನವರೆಗೆ ಏರುವುದು, ಇಳಿಯುವುದು. ಹದ ನೋಡುವವರು ಒಂದಿಷ್ಟು ಪಾಕ ತೆಗೆದು ನೀರಿಗೆ ಬಿಟ್ಟರು. ಬೆರಳಲ್ಲಿ ಉರುಟಿದರು. ಉಂಡೆ ನಿಂತಿತು. ಅಷ್ಟೇ, ಕೊಪ್ಪರಿಗೆ ಇಳಿಯಿತು. ನಾವು ಅಲ್ಲಿ ನಿಂತು ಎಷ್ಟು ಹೊತ್ತಾಯಿತು ಅನ್ನುವುದೇ ಗೊತ್ತಾಗಲಿಲ್ಲ.

"ಕುಡೀರವ್ವ, ದುಡ್ಡೇನೂ ಬ್ಯಾಡ" ಅಂತ ಅತ್ತೆಯ ಕೈಗೆ ಕಬ್ಬಿನ ಹಾಲು ಕೊಟ್ಟರು. ಬೆಲ್ಲವನ್ನೂ ಮುರಿದು ಕೊಟ್ಟರು. ಅತ್ತೆ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ನಮ್ಮ ಮಹಾಲಿಂಗಪುರದ ಬೆಲ್ಲದ ಸರಿ ಬರಂಗಿಲ್ಲ ಬಿಡು" ಅಂತ ನನ್ನ ಕಿವಿಯಲ್ಲಿ ಹೇಳಿ ಇನ್ನೊಂದು ತುಂಡು ತೆಗೆದುಕೊಂಡರು. ಕೊಳ್ಳುವವರಿಗೆ ಒಂದು ಮಾತು: ಹಳದಿ ಹೊಳಪಿಗೆ ಮರುಳಾಗಬೇಡಿ. ಆ ಬಣ್ಣಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದುಂಟು. ನಾನು ಕಂದು ಅಚ್ಚನ್ನೇ ಕಟ್ಟಿಸಿದೆ.

ಮೈಸೂರಿಗೆ ವಾಪಸಾದಾಗ ರೈಲಿಗೆ ಇನ್ನೂ ಸಾಕಷ್ಟು ಹೊತ್ತಿತ್ತು. "ಝೂ ನೋಡಬಹುದಿತ್ತು" ಅಂತ ನಮ್ಮವರು ಶುರು ಮಾಡಿದರು. ಮಂಗಳವಾರ ಝೂಗೆ ರಜೆ. ಅದನ್ನೂ ಲೆಕ್ಕ ಹಾಕಿಯೇ ಮಂಡ್ಯವನ್ನು ಆ ದಿನಕ್ಕೆ ಇಟ್ಟಿದ್ದೆ. ಬೆಲ್ಲದ ಚೀಲ ಅವರ ಕೈಗೆ ಕೊಟ್ಟು ಮಸಾಲೆ ದೋಸೆ ತಿನ್ನಲು ನಡೆದೆವು.